ಭಾವನ ಬಹುಮತ

ನಮ್ಮ ಭಾವನಿಗೆ ಒಂದು ಸುತ್ತು ಕಮ್ಮಿ ಎಂದು ನಾನಾಗಿ ಹೇಳಿದರೆ ಅಕ್ಕ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ. ಆದರೆ ಅದನ್ನೇ ವೋಟಿಗೆ ಹಾಕಿದ್ದರೆ ಭರ್ಜರಿಯಾಗಿ ಗೆಲ್ಲುತ್ತಿತ್ತು. ಗೆದ್ದ ಮೇಲೆ ಇನ್ನೇನು? “ಜನರೇ ಹೇಳಿದ ಮೇಲೆ ಇದ್ದರೂ ಇರಬಹುದು” ಎಂದು ಭಾವನೇ ಮೊದಲು ಒಪ್ಪಿಕೊಳ್ಳುತ್ತಿದ್ದರು!

ಆಗ ನಾವು ಕುವೈತಿನ ಸಾಲ್ಮಿಯಾದ ಒಂದು ಹಳೆಯ ಕಟ್ಟಡದಲ್ಲಿದ್ದೆವು. ಅಕ್ಕ, ಭಾವ, ಅವರ ಮಗಳು ಪುಟ್ಟಿ, ಜೊತೆಗೆ ಭಾವ ವೀಸಾ ಮಾಡಿಸಿ ಕರೆಸಿಕೊಂಡಿದ್ದ ನಾನು. ನನಗೆ ಶರ್ಕ್‌ನಲ್ಲಿ ಗುಮಾಸ್ತನ ಕೆಲಸ. ಭಾವ ಶುವೈಖ್‌ನಲ್ಲಿ ಲಾರಿಗಳ ಬಿಡಿಭಾಗ ಮಾರುವ ಗೋದಾಮಿನ ಮೇಲ್ವಿಚಾರಕರು. ವೋಟಿನ ಹುಚ್ಚು ಅವರಿಗೆ ಹತ್ತಿದ್ದೂ ಆ ಗೋದಾಮಿನಲ್ಲೇ. ಬಿಡಿಭಾಗ ಕೊಳ್ಳಲು ಬರುತ್ತಿದ್ದ ಅಮೆರಿಕದ ಎಂಜಿನಿಯರ್ ಒಬ್ಬ ಚಹಾ ಕುಡಿಯುತ್ತ ತನ್ನ ರಾಜ್ಯದ ಸುದ್ದಿ ಹೇಳಿದ್ದೇ ತಡ, ಭಾವ ಅಂದು ಮನೆಗೆ ಬಂದವರು ಚಪ್ಪಲಿಯನ್ನೂ ಕಳಚಲಿಲ್ಲ.

“ಅವನ ರಾಜ್ಯ ಎಷ್ಟು ಸಣ್ಣದು ಗೊತ್ತುಂಟಾ? ಬೆಳಿಗ್ಗೆ ಕಾರಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೊದಲು ರಾಜ್ಯವೇ ಮುಗೀತದೆ! ಆದರೆ ಅಲ್ಲಿ ಜನ ಬರೇ ಎಮ್ಮೆಲ್ಲೆಯನ್ನು ಆರಿಸಿ ಮನೆಗೆ ಹೋಗುವುದಲ್ಲ ಮಾರಾಯ. ಸೇತುವೆ ಬೇಕಾ, ಲಾಟರಿ ಬೇಕಾ, ಭಾನುವಾರ ಶರಾಬಂಗಡಿ ತೆಗೀಬೇಕಾ, ಅದನ್ನೇ ಚೀಟಿಯಲ್ಲಿ ಬರೆದು ಜನರ ಹತ್ರ ಕೇಳ್ತಾರೆ. ಅಜ್ಜನ ಕಾಲದಿಂದ ಹಾಗೇ!”

ಆಮೇಲೆ ಎಂಜಿನಿಯರ್ ಬಂದಾಗಲೆಲ್ಲ ಒಂದೊಂದು ಅಧ್ಯಾಯ. ಯಾವ ಪ್ರಶ್ನೆ ಬಿತ್ತು, ಬಿದ್ದದ್ದು ಮತ್ತೆ ಹೇಗೆ ಎದ್ದು ಬಂತು, ಜನ ತಾವೇ ಮಾಡಿದ ಕಾಯಿದೆಯನ್ನು ತಾವೇ ಹೇಗೆ ಅಳಿಸಿದರು. ನಮ್ಮೂರ ಪಂಚಾಯತಿಯ ಚರಿತ್ರೆ ಗೊತ್ತಿಲ್ಲದ ಭಾವ, ಕಣ್ಣಿಂದ ಕಾಣದ ಆ ರಾಜ್ಯದ ಮತಪೆಟ್ಟಿಗೆಯ ಚರಿತ್ರೆಯನ್ನು ತುಳುವಿನ ಪಾಡ್ದನ ಹಾಡಿದ ಹಾಗೆ ಹೇಳುತ್ತಿದ್ದರು. ಕೇಳುವವರಿಗೆ ಆಕಳಿಕೆ ಬಂದರೆ ಅದೂ ಒಂದು ಅಭಿಪ್ರಾಯವೇ ಎಂದು ಗೌರವಿಸುತ್ತಿದ್ದರು.

ಕೇಳಿ ಸುಮ್ಮನಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ನಮ್ಮ ಕಟ್ಟಡವೂ ಒಂದು ಪುಟ್ಟ ರಾಜ್ಯವೇ ಎಂದು ಭಾವ ಘೋಷಿಸಿದರು! ಹಾಲಿನ ಪುಡಿಯ ಡಬ್ಬಿ ಮತಪೆಟ್ಟಿಗೆಯಾಯಿತು. ಹೌದು ಎನ್ನುವವರು ಹೆಸರುಕಾಳು ಹಾಕಬೇಕು, ಇಲ್ಲ ಎನ್ನುವವರು ಕಡಲೆ. “ಹಸಿರು ಅಂದರೆ ಹೋಗಬಹುದು, ಸಿಗ್ನಲಿನ ಹಾಗೆ. ಓದು ಬಾರದವರಿಗೂ ಗೊತ್ತಾಗ್ತದೆ” ಎಂದು ವಿವರಣೆ. ಎಣಿಕೆ ಮುಗಿದ ಮೇಲೆ ಅಕ್ಕ ಎಲ್ಲವನ್ನೂ ತೊಳೆದು ಬೇಯಲು ಹಾಕುತ್ತಿದ್ದಳು. ಜನಾಭಿಪ್ರಾಯದ ಗಸಿ ಉಂಡವರು ಪ್ರಪಂಚದಲ್ಲಿ ನಾವೇ ಮೊದಲಿಗರಿರಬೇಕು!

ಮೊದಲ ಪ್ರಶ್ನೆ: ಒಣಮೀನು ಹುರಿಯುವಾಗ ಬಾಗಿಲು ಹಾಕಿಕೊಳ್ಳಬೇಕೆ? ಮೇಲಿನ ಮನೆಯ ತಮಿಳು ದಂಪತಿ ಸಸ್ಯಾಹಾರಿಗಳು, ಅವರ ಕಷ್ಟ ನೋಡಲಾಗದೆ ಎತ್ತಿದ ಪ್ರಶ್ನೆ. ಮೆಟ್ಟಿಲ ಮೇಲೆ ಸಾಲು ನಿಂತದ್ದನ್ನು ಕಂಡು ಕಟ್ಟಡದ ಕಾವಲುಗಾರ ಎದ್ದು ಬಂದ. ಅಲ್ಲಿ ಕಾವಲುಗಾರನಿಗೆ ‘ಹಾರಿಸ್’ ಎನ್ನುತ್ತಾರೆ. ಹೆಸರಷ್ಟೇ, ಈ ಈಜಿಪ್ಟಿನ ಪುಣ್ಯಾತ್ಮ ಒಂದು ನೊಣವನ್ನೂ ಹಾರಿಸಿದವನಲ್ಲ. ಚುನಾವಣೆ ಎಂದು ಕೇಳಿ ಗಾಬರಿಯಿಂದ “ಮೀನ್? ಮೀನ್?” ಎಂದ. ಅವರ ಅರಬ್ಬಿಯಲ್ಲಿ ‘ಮೀನ್’ ಎಂದರೆ ‘ಯಾರು’. ಯಾರು ನಿಂತಿದ್ದಾರೆ ಎಂದು ಕೇಳುತ್ತಿದ್ದಾನೆ ಪಾಪ!

“ಹೌದು, ಮೀನೇ!” ಎಂದು ಭಾವ ಅವನ ಕೈ ಕುಲುಕಿದರು. “ನೋಡು, ಇವನಿಗೂ ವಿಷಯ ಗೊತ್ತುಂಟು!”

ಬಾಗಿಲು ಹಾಕಬೇಕೆಂದು ಬಹುಮತದಿಂದ ತೀರ್ಮಾನವಾಯಿತು. ಆ ಶುಕ್ರವಾರವೇ ಕಟ್ಟಡವಿಡೀ ಘಮಘಮ. ಹುಡುಕಿಕೊಂಡು ಹೋದರೆ ಅಪರಾಧ ನಮ್ಮ ಮನೆಯಲ್ಲೇ!

“ಬಾಗಿಲು ಹಾಕಿದ್ದೇನಲ್ಲ” ಎಂದಳು ಅಕ್ಕ, ಮೀನು ಮಗುಚುತ್ತ. “ಕಿಟಿಕಿ ಹಾಕಬೇಕು ಅಂತ ಯಾರು ವೋಟು ಕೊಟ್ಟಿದ್ದು?”

ಭಾವನಿಗೆ ಸಿಟ್ಟು ಬರಬೇಕಿತ್ತು, ಅಲ್ಲವೇ? ಬರಲಿಲ್ಲ. “ಎಂಥಾ ಲಾ ಪಾಯಿಂಟು! ಇವಳು ಅಮೆರಿಕದಲ್ಲಿ ಹುಟ್ಟಬೇಕಿತ್ತು” ಎಂದು ಅರ್ಧ ಗಂಟೆ ಹೊಗಳಿದರು. ನಮಗೆ ಹಸಿವು.

ಮನೆಯ ಅಡುಗೆಯೂ ವೋಟಿಗೆ ಬಿತ್ತು. ಗಂಜಿಯೋ ಚಪಾತಿಯೋ? “ಐ ವೋಟ್ ಫಾರ್ ಚಪಾತಿ!” ಎಂದು ಪುಟ್ಟಿ ಕುಣಿದಳು. ಚಪಾತಿ ಗೆದ್ದಿತು. ಅಕ್ಕ ಲಟ್ಟಣಿಗೆ ತಂದು ಭಾವನ ಕೈಗಿತ್ತಳು. “ಗೆದ್ದವರು ಆಡಳಿತ ಶುರು ಮಾಡಿ.” ಆ ಚಪಾತಿಗಳ ಆಕಾರ ಮಾತ್ರ ಯಾವ ರಾಜ್ಯದ ನಕ್ಷೆಯನ್ನೂ ಹೋಲುತ್ತಿರಲಿಲ್ಲ.

ಒಮ್ಮೆ ನಾನು ನಕ್ಕು ಕೇಳಿದೆ, “ಭಾವ, ಇಕಾಮಾ ಅಂತ ಒಂದು ವಾಸದ ಪರವಾನಗಿಯ ಮೇಲೆ ಬದುಕುವ ನಮಗೆಲ್ಲ ಎಂತ ವೋಟು?”

ಭಾವ ನಗಲಿಲ್ಲ. “ಇಲ್ಲಿ ನಮ್ಮನ್ನು ಕೇಳುವ ಪ್ರಶ್ನೆಯೇ ಇಲ್ಲ, ಸರಿ. ಊರಿಗೆ ಹೋದರೆ, ನೀವು ಇಲ್ಲಿ ಇರುವುದಿಲ್ಲವಲ್ಲ ಅಂತ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ಹಾಗಾದರೆ ನಿನಗೆ ಎಂತ ಅನ್ನಿಸ್ತದೆ ಅಂತ ನಮ್ಮನ್ನು ಕೇಳುವವರು ಯಾರು ಮಾರಾಯ? ನಾವು ನಾವೇ ಕೇಳಿಕೊಳ್ಳಬೇಕು.”

ಆಗಸ್ಟ್ ಬಂತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಸಮುದ್ರದ ಬದಿಯ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳು. ಆಫೀಸು, ಗೋದಾಮು, ಬ್ಯಾಂಕು ಎಲ್ಲ ಖಲಾಸ್. ಊರಿಗೆ ಫೋನಿಲ್ಲ. ಕೆಲವು ವಾರಗಳಲ್ಲಿ ಅಂಗಡಿಗಳ ಕಪಾಟು ಬರಿದಾದವು. ಬಸ್ಸು ಹಿಡಿದು ಬಾಗ್ದಾದಿಗೆ, ಅಲ್ಲಿಂದ ಜೋರ್ಡಾನ್ ಗಡಿಗೆ ಹೋದರೆ ವಿಮಾನ ಸಿಗುತ್ತದೆ ಎಂಬ ಸುದ್ದಿ ಬಂತು. ಇಡೀ ಕಟ್ಟಡಕ್ಕೆ ಸಾಕಾಗುವ ಒಂದು ಬಸ್ಸನ್ನು ಭಾವನೇ ಎಲ್ಲಿಂದಲೋ ಗೊತ್ತುಮಾಡಿದರು. ಆದರೆ ಹೊರಡಲು ಒಂದು ತೊಡಕಿತ್ತು. ಕೆಳಗಿನ ಮನೆಯ ಗ್ರೇಸಿ.

ಗ್ರೇಸಿ ನಮ್ಮ ಕಡೆಯ ಕೊಂಕಣಿ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು, ತುಂಬು ಗರ್ಭಿಣಿ. ಗಂಡ ತಂದೆಯ ಅಂತ್ಯಕ್ರಿಯೆಗೆಂದು ಊರಿಗೆ ಹೋದವನು ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಆ ಸ್ಥಿತಿಯಲ್ಲಿ ಮರುಭೂಮಿಯ ಪ್ರಯಾಣ ಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಭಾವ ಡಬ್ಬಿ ತಂದರು. ಪ್ರಶ್ನೆ: ಈಗಲೇ ಹೊರಡುವುದೇ? ಅಂದು ಮೆಟ್ಟಿಲಲ್ಲಿ ಯಾರೂ ನಗಲಿಲ್ಲ. ಮಕ್ಕಳಿದ್ದವರು ಗ್ರೇಸಿಯ ಮುಖ ನೋಡದೆ ಕಾಳು ಹಾಕಿ ಸರಿದರು. ಡಬ್ಬಿ ಬೋರಲು ಹಾಕಿದರೆ ಎಲ್ಲ ಹೆಸರುಕಾಳು. ನಡುವೆ ಒಂದೇ ಒಂದು ಕಡಲೆ.

ಎಲ್ಲರೂ ಗ್ರೇಸಿಯ ಕಡೆ ತಿರುಗಿದರು. ಅವಳು ತಲೆ ಅಲ್ಲಾಡಿಸಿದಳು. “ನಾನಲ್ಲ. ನಾನು ಹೋಗಿ ಅಂತಲೇ ಹಾಕಿದ್ದು. ನನ್ನಿಂದಾಗಿ ಯಾರೂ ಇಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ.”

ಭಾವ ಆ ಒಂದು ಕಡಲೆಯನ್ನು ಹೆಕ್ಕಿಕೊಂಡರು. “ಬಹುಮತ ಹೊರಡಲಿ. ಬಸ್ಸು ನಾಳೆ ಬೆಳಿಗ್ಗೆ. ಅಲ್ಪಮತ ಇಲ್ಲೇ ಇರ್ತದೆ.”

“ನೀವು ಸೋತಿದ್ದೀರಿ” ಎಂದಳು ಅಕ್ಕ. “ಸೋತವರು ಗೆದ್ದವರ ಮಾತು ಕೇಳಬೇಕು ಅಂತ ನೀವೇ ಹೇಳುವುದಲ್ವಾ?”

“ಸೋತವನು ದಾರಿ ಬಿಡಬೇಕು ಅಂತ ಹೇಳಿದ್ದು. ಜೊತೆಗೆ ಹೋಗಬೇಕು ಅಂತ ಹೇಳಲಿಲ್ಲ.”

ಲಾ ಪಾಯಿಂಟು ಅವರಿಗೂ ಬರುತ್ತಿತ್ತು! ಅಕ್ಕ ಒಳಗೆ ಹೋಗಿ ಬಾಣಂತಿಗೆಂದು ಓಮ, ಒಣಶುಂಠಿ, ತನ್ನ ಎರಡು ಮೆತ್ತನೆಯ ಹಳೆಯ ಸೀರೆ ಗಂಟು ಕಟ್ಟಿ ಗ್ರೇಸಿಗೆ ಕೊಟ್ಟಳು. ನನ್ನನ್ನು ಬದಿಗೆ ಕರೆದು ಭಾವ ಹೇಳಿದ್ದು ಇಷ್ಟೇ: “ನಿನ್ನ ಅಕ್ಕ, ಪುಟ್ಟಿ ಇಬ್ಬರೂ ನಿನ್ನ ಜವಾಬ್ದಾರಿ. ಇದಕ್ಕೆ ವೋಟಿಲ್ಲ.”

ಮುಂದಿನದ್ದನ್ನು ಭಾವ ಎಂದೂ ಹೇಳಲಿಲ್ಲ. ಹೇಳಿದ್ದು ಗ್ರೇಸಿ. ಹೇಳುವಾಗಲೆಲ್ಲ ನಾನು ಎದೆ ಸೆಟೆಸಿ ಕೂರುತ್ತೇನೆ, ನಾನೇ ಮಾಡಿದ ಹಾಗೆ!

ಅವಳ ಜೊತೆಯ ನರ್ಸುಗಳು ಸರದಿಯಲ್ಲಿ ಬಂದು ಅವಳನ್ನು ನೋಡಿಕೊಂಡರು. ನೀರು, ರೊಟ್ಟಿ, ಹಾಲಿಗಾಗಿ ಭಾವ ಊರೆಲ್ಲ ಅಲೆದರು. ಒಂದು ಮಟಮಟ ಮಧ್ಯಾಹ್ನ ನೋವು ಶುರುವಾಯಿತು. ಗೋದಾಮಿನ ವ್ಯಾನಿನಲ್ಲಿ ಅವಳನ್ನು ಕೂರಿಸಿಕೊಂಡು ಹೊರಟರೆ ರಸ್ತೆಗೆ ಹಾಕಿದ್ದ ತಡೆಯಲ್ಲಿ ಒಬ್ಬ ಎಳೆಯ ಇರಾಕಿ ಸೈನಿಕ ಬಂದೂಕು ಅಡ್ಡ ಹಿಡಿದ. ಭಾವನಿಗೆ ಬರುತ್ತಿದ್ದ ಅರಬ್ಬಿಯೆಲ್ಲ ಗ್ಯಾರೇಜಿನದು. ಹಿಂದಿನ ಸೀಟು ತೋರಿಸಿ ಅವಸರದಲ್ಲಿ ಒದರಿದರು, “ಬೇಬಿ! ಯಲ್ಲಾ! ಖಲಾಸ್!”

ಸೈನಿಕನ ಮುಖ ಕಪ್ಪಿಟ್ಟಿತು. ಮಗು ಹೋಯಿತೆಂದು ತಿಳಿದು ಎದೆಯ ಮೇಲೆ ಕೈಯಿಟ್ಟು ಸಂತಾಪದ ಮಾತು ಶುರುಮಾಡಿದ! ಹಿಂದಿನಿಂದ ಗ್ರೇಸಿ ನೋವಿನ ನಡುವೆಯೇ ಕಿರುಚಿದಳು, “ನೋ ಖಲಾಸ್! ನೋ ಖಲಾಸ್!” ಸೈನಿಕನಿಗೆ ಅರ್ಥವಾಯಿತು. ಅವನೇ ಜೀಪು ಹತ್ತಿ, ಹಾರನ್ ಬಾರಿಸುತ್ತ ಆಸ್ಪತ್ರೆಯವರೆಗೆ ದಾರಿ ಬಿಡಿಸಿದ.

ಗಂಡು ಮಗು. ವಾರ್ಡಿನ ನರ್ಸುಗಳನ್ನೆಲ್ಲ ಸೇರಿಸಿ ಹೆಸರನ್ನು ವೋಟಿಗೆ ಹಾಕಲು ಭಾವ ಸಿದ್ಧರಾಗಿದ್ದರಂತೆ. “ಅಂಕಲ್, ಇದೊಂದು ಬೇಡ” ಎಂದಳಂತೆ ಗ್ರೇಸಿ.

ಬಾಣಂತಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಮೂವರೂ ಹೊರಟರು. ಬಸ್ಸಿನಲ್ಲಿ ಅವಳಿಗೆ ಜ್ವರ ಹತ್ತಿತು. ಹಾಲು ಕುಡಿಸುವ ಹೊತ್ತು ಬಿಟ್ಟರೆ ಬಾಗ್ದಾದಿನಿಂದ ಆಚೆಗೆ ಮಗು ಭಾವನ ಕೈಯಲ್ಲೇ. ಜೋರ್ಡಾನ್ ಗಡಿಯ ಡೇರೆಗಳಲ್ಲಿ ನೀರಿನ ಲಾರಿ ಬಂದಾಗ ನೂಕಾಟ, ಹೊಡೆದಾಟ. ಭಾವ ಮಗುವನ್ನು ಎತ್ತಿಕೊಂಡೇ ಒಂದು ಪೆಟ್ಟಿಗೆಯ ಮೇಲೆ ಹತ್ತಿದರು. “ಚಲೋ ಭಾಯಿ, ಕೈ ಎತ್ತಿ! ಮಕ್ಕಳಿದ್ದವರಿಗೆ ಮೊದಲು ನೀರು, ಹೌದಾ ಅಲ್ವಾ?” ಮಲಯಾಳಿ, ಪಂಜಾಬಿ, ತೆಲುಗು, ಯಾರಿಗೆ ಏನು ಅರ್ಥವಾಯಿತೋ! ಒಬ್ಬೊಬ್ಬರಾಗಿ ಕೈ ಎತ್ತಿದರು. ಮರುದಿನದಿಂದ ಅಲ್ಲಿ ಸಾಲು ನಿಂತಿತು.

ಇತ್ತ ಅದೇ ದಾರಿಯಲ್ಲಿ ಮೊದಲೇ ಬಂದು ಮಂಗಳೂರು ಸೇರಿದ್ದ ನಮಗೆ ಅವರ ಸುದ್ದಿಯೇ ಇರಲಿಲ್ಲ. ಮುಂಬಯಿಗೆ ಬಂದಿಳಿದಿದ್ದಾರೆ ಎಂಬ ಫೋನು ಬಂದಾಗ ಅಕ್ಕ ರಿಸೀವರ್ ಇಟ್ಟು ಸುಮ್ಮನೆ ಅಕ್ಕಿ ಆರಿಸಲು ಕೂತಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು.

ಮುಂಬಯಿಯಿಂದ ಬರುವ ಬೆಳಗಿನ ಬಸ್ಸಿಗೆ ನಾವೆಲ್ಲ ಬಸ್‌ಸ್ಟ್ಯಾಂಡಿನಲ್ಲಿದ್ದೆವು. ಗ್ರೇಸಿಯ ಗಂಡ, ಮನೆಯವರೂ ಇದ್ದರು. ಗ್ರೇಸಿಯ ಹಿಂದೆ ಭಾವ ಇಳಿದರು. ಗಡ್ಡ ಬೆಳೆದಿತ್ತು, ಅಂಗಿ ಮೈಮೇಲೆ ಜೋಲುತ್ತಿತ್ತು, ತೋಳಿನಲ್ಲಿ ಮಗು ನಿದ್ದೆ ಹೋಗಿತ್ತು. ಗಂಡ ಎದುರು ಬಂದವನು ಕೈ ಚಾಚಲು ಹೆದರಿ ನಿಂತುಬಿಟ್ಟ.

“ಕುತ್ತಿಗೆಗೆ ಕೈ ಕೊಡು ಮಾರಾಯ” ಎಂದರು ಭಾವ ಮೆಲ್ಲಗೆ. “ಹಾಂ, ಹಾಗೆ. ಎಡಗಡೆ ಹಿಡಿ, ಅವನಿಗೆ ಅದು ಅಭ್ಯಾಸ.”

ಮಗು ಅಪ್ಪನ ಕೈಗೆ ಹೋಯಿತು. ಅವರೆಲ್ಲ ಗ್ರೇಸಿಯನ್ನು ಹಿಡಿದುಕೊಂಡು, ಅಳುತ್ತ ನಗುತ್ತ ಕಾರಿನ ಕಡೆ ನಡೆದರು. ಭಾವ ಮಾತ್ರ ನಿಂತಲ್ಲೇ ನಿಂತಿದ್ದರು. ಅವರ ಎರಡು ತೋಳುಗಳೂ ಮಡಚಿಕೊಂಡೇ ಇದ್ದವು, ಮಗು ಇನ್ನೂ ಅಲ್ಲೇ ಮಲಗಿದೆಯೋ ಎಂಬಂತೆ.

ಅಕ್ಕ ಹತ್ತಿರ ಹೋದಳು. ಅವರ ಮೊಣಕೈ ಹಿಡಿದು, ಒಂದಾದ ಮೇಲೆ ಒಂದನ್ನು ನಿಧಾನವಾಗಿ ಕೆಳಗಿಳಿಸಿದಳು.

“ಸಾಕು” ಎಂದಳು. “ಇನ್ನು ಇಳಿಸಿ.”

ಭಾವ ಆ ಬಸ್‌ಸ್ಟ್ಯಾಂಡಿನ ನಡುಮಧ್ಯದಲ್ಲಿ, ಅಷ್ಟೂ ಜನರ ಎದುರು, ಅಕ್ಕನ ಭುಜಕ್ಕೆ ಹಣೆ ಹಚ್ಚಿ ನಿಂತರು.