ಪ್ರಾರ್ಥನಾ ವಾರದಲ್ಲಿ ಬೇಲಿ ಮುರಿದ ಹಂದಿಯವರಿಗೆ

ಮಾನ್ಯರೇ,

ನೆರೆಮನೆಯ ಲವಿನಿಯಾಳ ಗೂಡಿನಲ್ಲಿ ಮಲಗಿ, ನಮ್ಮ ಹಿತ್ತಲಿನಲ್ಲಿ ಊಟ ಮಾಡುವ ತಮ್ಮ ಘನ ಸನ್ನಿಧಾನಕ್ಕೆ ಅಕನೇಸಿಯ ಹೊಸ ವರ್ಷದ ವಂದನೆಗಳು. ಇಂದು ಶನಿವಾರ, ವರ್ಷಾರಂಭದ ಪ್ರಾರ್ಥನಾ ವಾರದ ಕಡೆಯ ಉಪವಾಸ. ನಸುಕಿನ ಪ್ರಾರ್ಥನೆ ಮುಗಿಸಿ ಬಂದು, ಅಂಗಳ ಗುಡಿಸಿ, ಕೋಳಿಗಳಿಗೆ ತೆಂಗಿನಕಾಯಿ ತುರಿದು ಹಾಕಿ, ನಾಳೆ ಚರ್ಚಿಗೆ ನಮ್ಮ ಟೋಂಗಾದ ಪದ್ಧತಿಯಂತೆ ಸೊಂಟಕ್ಕೆ ಸುತ್ತಿಕೊಳ್ಳಬೇಕಾದ ಚಾಪೆಯನ್ನು ಬಿಸಿಲಿಗೆ ಹರವಿ, ಹೊಟ್ಟೆಯಲ್ಲಿ ನೀರಿನ ಹೊರತು ಬೇರೇನೂ ಇಲ್ಲದೆ ಈ ಪತ್ರ ಬರೆಯಲು ಕುಳಿತಿದ್ದೇನೆ. ತಮ್ಮ ಹೊಟ್ಟೆಯಲ್ಲಿ ಏನೇನಿದೆ ಎಂಬುದು ನನಗೆ ಗೊತ್ತು. ಅದೆಲ್ಲ ನಾನು ನೆಟ್ಟು ನೀರು ಹಾಕಿದ ಗೆಣಸು.

ಮೊದಲು ತಮ್ಮ ಭಕ್ತಿಯನ್ನು ಹೊಗಳದಿದ್ದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ. ಚರ್ಚಿನ ಗಂಟೆ ಬಾರಿಸಿದರೆ ನನ್ನ ಗಂಡ ಪೇನಿ ಮಗ್ಗುಲು ಬದಲಿಸುತ್ತಾನೆ, ಊರ ಗಂಡಸರು ಎರಡನೆಯ ಹಾಡಿಗೆ ತಲುಪುತ್ತಾರೆ, ತಾವು ಮಾತ್ರ ಮೊದಲ ಬಡಿತಕ್ಕೇ ಎದ್ದು ಹೊರಡುತ್ತೀರಿ. ಗಂಟೆ ಬಾರಿಸಿತೆಂದರೆ ಅಕನೇಸಿ ಮನೆಯಲ್ಲಿಲ್ಲ ಎಂಬ ಸತ್ಯವನ್ನು ಯಾವ ಬೈಬಲ್ ಶಾಲೆಯ ನೆರವೂ ಇಲ್ಲದೆ ಅರಿತವರು ತಾವು. ಬೇಲಿ ಮುರಿಯಲು ವರ್ಷದ ಮೊದಲ ಭಾನುವಾರವನ್ನೇ ಆರಿಸಿದ್ದೂ ತಮ್ಮ ಶಾಸ್ತ್ರಜ್ಞಾನಕ್ಕೆ ಸಾಕ್ಷಿ, ಏಕೆಂದರೆ ನಮ್ಮ ಟೋಂಗಾದಲ್ಲಿ ಭಾನುವಾರ ಸುತ್ತಿಗೆ ಎತ್ತುವಂತಿಲ್ಲ. ಸೋಮವಾರದಿಂದ ಎತ್ತಬಹುದಿತ್ತು ನಿಜ, ಆದರೆ ಬೆಳಗೂ ಸಂಜೆಯೂ ಚರ್ಚಿನಲ್ಲಿದ್ದುದರಿಂದ ಸುತ್ತಿಗೆ ಹುಡುಕಲು ಪುರುಸೊತ್ತಾಗಲಿಲ್ಲ ಎಂದು ಪೇನಿ ಹಾಸಿಗೆಯಿಂದಲೇ ತಿಳಿಸಿದ್ದಾನೆ.

ಆ ಬೇಲಿ ಯಾಕೆ ಬಂತೆಂದು ತಮಗೆ ತಿಳಿದಿರಲಾರದು, ಆಗ ತಾವಿನ್ನೂ ಹುಟ್ಟಿರಲಿಲ್ಲ. ಹಾಡಿನ ಅಭ್ಯಾಸದಲ್ಲಿ ಲವಿನಿಯಾ ಎಲ್ಲರೆದುರು ನನಗೆ, "ಅಕನೇಸಿ, ನೀನು ಸುಮ್ನೆ ಬಾಯಿ ಆಡ್ಸು ಸಾಕು ಕಣೆ, ಸ್ವರ ನಾವು ಹಾಕ್ತೀವಿ" ಅಂದಳು. ಮಾರನೆಯ ದಿನ ನಾನು ಬೇಲಿ ಹಾಕಿಸಿದೆ. ಈ ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ಮನಸ್ಸು ಕರಗಿ, ಪ್ರಾರ್ಥನಾ ವಾರ ಮುಗಿಯುವುದರೊಳಗೆ ಅವಳೊಡನೆ ರಾಜಿಯಾಗುತ್ತೇನೆಂದು ಎದ್ದು ನಿಂತು ದೇವರಿಗೆ ಮಾತು ಕೊಟ್ಟೆ; ನಾಳೆ ಸಭೆಯ ಮುಂದೆ ಅದು ನೆರವೇರಿತೆಂದು ಸಾಕ್ಷಿ ಹೇಳಬೇಕು. ಮೊದಲ ಮಾತು ಯಾರದ್ದೆಂದು ದೇವರಿಗೆ ಬಿಡಿಸಿ ಹೇಳಿರಲಿಲ್ಲ. ಲವಿನಿಯಾಳದ್ದೆಂದು ಅವನಿಗೇ ಗೊತ್ತಿರಬೇಕಲ್ಲವೇ?

ಹೀಗಿರಲು ಬುಧವಾರ ಸಂಜೆ, ಮರೆತ ಹಾಡಿನ ಪುಸ್ತಕಕ್ಕಾಗಿ ನಾನು ಹಿಂತಿರುಗಿದಾಗ, ಕೆಸುವಿನ ಎಲೆಯಲ್ಲಿ ಮಾಂಸ, ತೆಂಗಿನಹಾಲು ಹಾಕಿ ನಾನು ಕಟ್ಟಿಟ್ಟಿದ್ದ ಗಂಟುಗಳನ್ನು ತಾವು ಒಂದೊಂದಾಗಿ ಬಿಚ್ಚಿ ಪರಾಂಬರಿಸುತ್ತಿದ್ದಿರಿ. ದಿನವಿಡೀ ಉಪವಾಸವಿದ್ದವಳು ನಾನು, ಉಪವಾಸ ಮುರಿದವರು ತಾವು. ತಮ್ಮನ್ನು ಅಟ್ಟಿಸಿಕೊಂಡು ಬಂದ ಲವಿನಿಯಾ ಬೇಲಿಯ ಆಚೆ ಮಂಡಿಯೂರಿ, ತೂತಿನಲ್ಲಿ ತಲೆ ತೂರಿಸಿ, ನನ್ನ ಮುಖ ನೋಡದೆ ತಮಗೇ ಹೇಳಿದಳು: "ಬಾರೋ ಮಾರಾಯ! ಅಲ್ಲೇನು ತಿಂತೀಯ, ಅವಳ ಅಡುಗೇಲಿ ಉಪ್ಪೇ ಇರಲ್ಲ."

ನಾನೂ ತಮಗೇ ಹೇಳಿದೆ: "ಉಪ್ಪಿಲ್ದೆ ಇದ್ರೂ ಎಲೆ ಸಮೇತ ನುಂಗಿದ್ಯಲ್ಲೋ ರಾಯ, ನಿಮ್ಮಮ್ಮ ಮನೇಲಿ ಏನೂ ಹಾಕಲ್ವೇನೋ?"

"ಹಾಕ್ತೀನಿ ಅಂತ ಹೇಳೋ ಅವಳಿಗೆ. ಆದ್ರೆ ಅವಳ ಕೈ ಅಡುಗೆ ಬರೋದು ನಿಂತ ಮೇಲೆ ನಮ್ಮನೇಲಿ ಎಲ್ರ ನಾಲಿಗೇನೂ ಕೆಟ್ಟೋಗಿದೆ."

ತಾವು ನಡುವೆ ನಿಂತು ಜಗಿಯುತ್ತಿದ್ದಿರಿ. ಉತ್ತರ ಹೇಳಬೇಕಾದವಳು ನಾನು. ಗಂಟೆ ಬಾರಿಸಿತೆಂದು ನೆಪ ಹೇಳಿ ಚರ್ಚಿಗೆ ಓಡಿದೆ, ಅಲ್ಲಿ ಕ್ಷಮೆಯ ಮೇಲೆ ಸಭಾಪಾಲಕರು ಹೇಳಿದ್ದೊಂದೂ ಕಿವಿಗೆ ಹೋಗಲಿಲ್ಲ.

ಈಗ ಪೇನಿಗೆ ಕೊನೆಗೂ ಸುತ್ತಿಗೆ ಸಿಕ್ಕಿದೆ. "ಮುಚ್ಚಲೇನೇ, ಬೇಡ್ವೇನೇ? ಬೇಗ ಹೇಳು, ನಾಳೆ ಭಾನುವಾರ" ಎಂದು ಬೇಲಿಯ ಹತ್ತಿರ ನಿಂತು ಕೂಗುತ್ತಿದ್ದಾನೆ. ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ವರ್ಷದಿಂದ ತಾವೂ ಉಪವಾಸ ಹಿಡಿಯಬೇಕು. ಗಂಟೆ ಬಾರಿಸಿದಾಗ ನಮ್ಮ ಹಿತ್ತಲಿಗೆ ಬರುವ ಬದಲು ನೇರ ಚರ್ಚಿಗೆ ಹೋಗಿ ಪೇನಿಯ ಖಾಲಿ ಜಾಗದಲ್ಲಿ ಕೂರಬೇಕು. ಅವನು ಬಂದ ದಿನವೂ ಅಲ್ಲಿ ನಿದ್ದೆಯೇ, ಗೊರಕೆಯಲ್ಲಿ ವ್ಯತ್ಯಾಸ ಯಾರಿಗೂ ತಿಳಿಯದು. ಗೆಣಸು ಅಗೆಯುವಾಗ ಸಾಲು ಹಿಡಿದು ಅಗೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೇಲಿಯ ಆ ತೂತನ್ನು ಸೂರ್ಯ ಮುಳುಗುವುದರೊಳಗೆ ಇನ್ನಷ್ಟು ಅಗಲ ಮಾಡಿಕೊಡಬೇಕು. ನನಗಾಗಲಿ ಲವಿನಿಯಾಳಿಗಾಗಲಿ ತಮ್ಮಷ್ಟು ಬಳುಕುವ ಮೈಯಿಲ್ಲ.

ನಾಳೆ ಆರಾಧನೆಯ ನಂತರದ ಊಟಕ್ಕೆ ಅವಳ ಮನೆಯವರಿಗೂ ಸೇರಿಸಿ ಗಂಟು ಕಟ್ಟಲು ಎಲೆ ಕೊಯ್ದಿಟ್ಟಿದ್ದೇನೆ. ಉಪ್ಪು ಎಷ್ಟೆಂದು ಅವಳೇ ಬಂದು ಹಾಕಲಿ. ಸ್ವರವನ್ನು ಮಾತ್ರ ನಾನೇ ಹಾಕುತ್ತೇನೆ.

ಬೇಲಿಯ ಈಚೆಯಿಂದ, ಹಸಿದ ಹೊಟ್ಟೆಯಲ್ಲಿ,
ತಮ್ಮ ವಿಶ್ವಾಸಿ,
ಅಕನೇಸಿ

ತಾ.ಕ.: ಪೇನಿಗೆ ಸುತ್ತಿಗೆ ಕೆಳಗಿಡಲು ಹೇಳಿದ್ದೇನೆ, ಅವನು ಇಷ್ಟು ಬೇಗ ನನ್ನ ಮಾತು ಕೇಳಿದ್ದು ಇದೇ ಮೊದಲು. ಈ ಪತ್ರವನ್ನು ತೂತಿನ ಪಕ್ಕದ ಗೂಟಕ್ಕೆ ಸಿಕ್ಕಿಸುತ್ತೇನೆ. ತಾವು ಓದು ಕಲಿತಿಲ್ಲವಾದ್ದರಿಂದ ಲವಿನಿಯಾ ತಮಗೆ ಗಟ್ಟಿಯಾಗಿ ಓದಿ ಹೇಳಲಿ. ನಾಳೆಯ ಊಟಕ್ಕೆ ತಾವು ಎಲೆಯ ಮುಂದೆ ಬರುವಿರೋ, ಎಲೆಯ ಮೇಲೆ ಬರುವಿರೋ ಎಂಬುದನ್ನೂ ಅವಳೇ ತೀರ್ಮಾನಿಸಲಿ. ಉತ್ತರವನ್ನು ತಮ್ಮ ಕೈಗೆ ಕೊಟ್ಟು ಕಳಿಸುವುದು ಬೇಡ, ದಾರಿಯಲ್ಲೇ ತಿಂದುಬಿಡುತ್ತೀರಿ. ಸಂಜೆಯ ಗಂಟೆಗೆ ಮುಂಚೆ ಅವಳೇ ತರಲಿ.