ನೀನಾ ಆಂಟಿಗೆ ತುಂಬಿಸಿ ಕೊಟ್ಟ ಬಟ್ಟಲು

ಕುವೈತಿನಲ್ಲಿರುವ ಮಂಗಳೂರಿಗರಲ್ಲಿ ರಷ್ಯನ್ ಬಲ್ಲವರು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಹೆಸರೇ ಮೊದಲು ಬರಬೇಕು ಎಂಬ ಬಗ್ಗೆ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಆರು ತಿಂಗಳು ದಿನಾ ಬೆಳಿಗ್ಗೆ ಮೊಬೈಲು ಹಿಡಿದು ಕಲಿತಿದ್ದೆ. “ಹುಡುಗ ಸೇಬು ತಿನ್ನುತ್ತಾನೆ”, “ನನ್ನ ಬೆಕ್ಕು ಮೇಜಿನ ಕೆಳಗಿದೆ” ಎಂದೆಲ್ಲ ನಿರರ್ಗಳವಾಗಿ ಹೇಳುತ್ತಿದ್ದೆ. ಬೆಕ್ಕು ಮೇಜಿನ ಮೇಲೆ ಹತ್ತಿದರೆ ಮಾತ್ರ ಸ್ವಲ್ಪ ಕಷ್ಟವಾಗುತ್ತಿತ್ತು!

ನಾನು ಲಾನ್ಸಿ. ಹಗಲು ಒಂದು ಆಫೀಸಿನಲ್ಲಿ ಫೈಲು ಜೋಡಿಸುವ ಕೆಲಸ, ಸಂಜೆ ಚರ್ಚಿನ ಸೇವೆ. ನಮ್ಮದು ಚಿಕ್ಕ ಚರ್ಚು, ನಿಯಮ ಮಾತ್ರ ದೊಡ್ಡದು. ಹುಡುಗರು ಎರಡು ವರ್ಷ ಸೇವೆ ಮಾಡಬೇಕು. ಇಬ್ಬಿಬ್ಬರ ಜೋಡಿ. ಜೋಡಿ ಒಂದೇ ಫ್ಲಾಟಿನಲ್ಲಿರಬೇಕು, ಸೇವೆಗೆ ಹೋದಲ್ಲೆಲ್ಲ ಒಟ್ಟಿಗೇ ಹೋಗಬೇಕು, ಬಿಳಿ ಅಂಗಿಗೆ ಟೈ ಕಟ್ಟಬೇಕು. ಚಹಾ, ಕಾಫಿ ಮುಟ್ಟಬಾರದು. ಇಷ್ಟೆಲ್ಲ ಮಾಡಿದ ಇಪ್ಪತ್ಮೂರರ ಹುಡುಗನನ್ನು “ಹಿರಿಯರೇ” ಎಂದು ಕರೆಯುತ್ತಾರೆ. ಬೇರೆ ದೇಶಗಳಲ್ಲಿ ಈ ಹಿರಿಯರು ಬೀದಿ ಬೀದಿ ತಿರುಗಿ ಧರ್ಮ ಸಾರುತ್ತಾರಂತೆ. ಇಲ್ಲಿ ಹಾಗೆಲ್ಲ ಮಾಡುವಂತಿಲ್ಲ. ನಮ್ಮ ಚರ್ಚಿನವರ ಮನೆಗೇ ಹೋಗಿ, ಬಲ್ಬು ಬದಲಿಸಿ, ಇಕಾಮಾ ಎಂಬ ವಾಸದ ಪರವಾನಗಿಯ ಫಾರಂ ತುಂಬಿಸಿ, ಕಷ್ಟಸುಖ ಕೇಳಿ ಬರುವುದೇ ಸೇವೆ.

ನನ್ನ ಜೋಡಿ ಹುಬ್ಬಳ್ಳಿಯ ಸ್ಯಾಮ್ಯುಯೆಲ್. ಮೈದಾನ್ ಹವಲ್ಲಿಯ ಒಂದು ಕೋಣೆಯ ಫ್ಲಾಟಿನಲ್ಲಿ ನಮ್ಮಿಬ್ಬರ ಸಂಸಾರ. ನಾವು ಟೈ ಕಟ್ಟಿಕೊಂಡು ಇಳಿದರೆ ಕೆಳಗಿನ ಬಕಾಲಾದ, ಅಂದರೆ ಕಿರಾಣಿ ಅಂಗಡಿಯವನು ಪ್ರತಿ ಸಲವೂ “ಇಂಟರ್‌ವ್ಯೂ ಇದೆಯಾ ಭಾಯಿ?” ಎಂದು ಕೇಳುತ್ತಿದ್ದ.

ಒಂದು ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಸಭೆಯ ಮುಖ್ಯಸ್ಥರಾದ ಬ್ರದರ್ ಥಾಮಸ್ “ರಷ್ಯನ್ ಗೊತ್ತಿರುವವರು...” ಎಂದು ಬಾಯಿ ತೆರೆದರು. ವಾಕ್ಯ ಮುಗಿಯುವ ಮೊದಲೇ ನನ್ನ ಕೈ ಮೇಲಿತ್ತು.

“ಏನಲೇ ಇದು? ನಿನಗ ಬೆಕ್ಕು, ಸೇಬು ಬಿಟ್ಟು ಏನ್ ಬರ್ತೇತಿ?” ಎಂದ ಸ್ಯಾಮ್ಯುಯೆಲ್.

“ನೀನು ಸುಮ್ಮನೆ ಕೂತುಕೋ ಮಾರಾಯ. ನಾನಿದ್ದೇನೆ.”

ಬ್ರದರ್ ಥಾಮಸ್ ವಿಷಯ ಹೇಳಿದರು. ಸಲ್ವಾದಲ್ಲಿ ಲೇನಾ ಎಂಬ ಫಿಸಿಯೋಥೆರಪಿಸ್ಟ್ ಇದ್ದಾಳೆ, ತಾಷ್ಕೆಂಟಿನ ಕಡೆಯ ರಷ್ಯನ್ನರು. ಅವಳ ಅಮ್ಮ ನೀನಾ ಆಂಟಿ ಮಗಳ ಜೊತೆ ಇರಲು ಬಂದು ಆರು ತಿಂಗಳಾಯಿತು. ಮಗಳು ಡ್ಯೂಟಿಗೆ ಹೋದರೆ ಆಂಟಿಗೆ ಮಾತಿಗೆ ಜನ ಇಲ್ಲ. ಚರ್ಚಿಗೂ ಬರುವುದು ಬಿಟ್ಟಿದ್ದಾರೆ. “ಇಲ್ಲಿ ನಾನು ಯಾರಿಗೂ ಬೇಡ, ಊರಿಗೆ ಹೋಗುತ್ತೇನೆ” ಎಂದು ಹಟ ಹಿಡಿದಿದ್ದಾರೆ. ಲೇನಾ ಕಣ್ಣೀರು ಹಾಕಿಕೊಂಡು ಬೇಡಿಕೊಂಡದ್ದು ಇಷ್ಟೇ: ನನ್ನಮ್ಮನಿಗೆ ತಾನು ಇಲ್ಲಿ ಬೇಕಾದವಳು ಅಂತ ಅನಿಸುವ ಹಾಗೆ ಮಾಡಿ.

ಇಷ್ಟು ಸುಲಭದ ಕೆಲಸವನ್ನು ನಾನು ಹೇಗೆ ಕೆಡಿಸಿದೆ ಎಂಬುದೇ ಮುಂದಿನ ಕತೆ.

ಮಂಗಳವಾರ ಸಂಜೆ ಐದಕ್ಕೆ ಹೋದೆವು. ಬಿಳಿ ಕೂದಲು, ಹೂವಿನ ಗೌನು, ಕೆಂಪು ಕೆನ್ನೆ. ಆಂಟಿ ನಮ್ಮ ಟೈ ನೋಡಿಯೇ ಖುಷಿಯಾದರು. ನಾನು ನನ್ನ ರಷ್ಯನ್ ಹೊರತೆಗೆದೆ. ಬೆಕ್ಕಿನ ವಿಷಯ ಹೇಳಿದೆ. ಅವರು ಗಾಬರಿಯಿಂದ ಮೇಜಿನ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಒಳಗೆ ಹೋಗಿ ಒಣಸೇಬು, ಪುದೀನ ಹಾಕಿ ಕುದಿಸಿದ ಕಷಾಯ ತಂದರು. ಕಿವಿ ಇಲ್ಲದ ನೀಲಿ ಬಣ್ಣದ ಚೆಂದದ ಬಟ್ಟಲುಗಳು. ಆಂಟಿ ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ನನ್ನ ಬಟ್ಟಲಿಗೆ ಕಷಾಯ ಹೊಯ್ದರು. ಮೂರು ಗುಟುಕು! ಅಷ್ಟೇ. ಕೆಟಲು ನಿಂತಿತು.

ನಾನು ಸ್ಯಾಮ್ಯುಯೆಲ್‌ನ ಬಟ್ಟಲು ನೋಡಿದೆ. ಅದರಲ್ಲೂ ಅಷ್ಟೇ.

“ಲೇ ಲಾನ್ಸ್ಯಾ, ಬಟ್ಲ ಅರ್ಧಾನೂ ತುಂಬಿಲ್ಲಲೇ,” ಎಂದು ಅವನು ನಗುಮುಖದಲ್ಲೇ ಪಿಸುಗುಟ್ಟಿದ. “ನಮ್ಮ ಕಡೆ ಹಿಂಗ ಕೊಟ್ರ ಲಗೂನ ಜಾಗ ಖಾಲಿ ಮಾಡ್ರಿ ಅಂತ ಅರ್ಥ.”

ನಮ್ಮ ಕಡೆಯೂ ಹಾಗೆಯೇ. ನಮ್ಮ ಅಮ್ಮ ನೆಂಟರಿಗೆ ಲೋಟ ತುಂಬಿಸದೆ ಕೊಟ್ಟರೆ ಅಜ್ಜಿ ಮೂರು ದಿನ ಮಾತು ಬಿಡುತ್ತಿದ್ದರು. ಹೆಂಗಸಿಗೆ ತೊಂದರೆ ಕೊಡುವುದು ಬೇಡ ಎಂದು ಗಟಗಟ ಕುಡಿದು ಎದ್ದುಬಿಟ್ಟೆವು. ಆಂಟಿಯ ಕೈಯಲ್ಲಿ ಕೆಟಲು ಹಾಗೆಯೇ ಇತ್ತು, ಮುಖ ಬಾಡಿತು. ಬಾಡಿದ್ದು ಯಾಕೆಂದು ನನಗೆ ತಿಳಿಯಲಿಲ್ಲ. ಅವರು ಹೇಳಿದಂತೆಯೇ ಮಾಡಿದ್ದೆವಲ್ಲ!

ಬಸ್ಸಿನಲ್ಲಿ ನನಗೆ ಒಂದು ದಿವ್ಯಜ್ಞಾನ ಉಂಟಾಯಿತು. “ಸ್ಯಾಮು, ಪಾಪ, ಮನೆಯಲ್ಲಿ ಸಾಮಾನು ಖಾಲಿ ಆಗಿರಬೇಕು. ಮಗಳಿಗೆ ಗೊತ್ತೇ ಇಲ್ಲ.”

ಮುಂದಿನ ವಾರ ಎರಡು ಚೀಲ ತುಂಬ ಪುದೀನ, ಸಕ್ಕರೆ, ಒಣಹಣ್ಣು, ಬಿಸ್ಕತ್ತು ಹೊತ್ತುಕೊಂಡು ಹೋದೆವು. ಆಂಟಿ ಚೀಲ ನೋಡಿದರು, ನಮ್ಮನ್ನು ನೋಡಿದರು, ಅಡುಗೆಮನೆಯ ಕಪಾಟು ತೆರೆದರು. ಅದರಲ್ಲಿ ಒಂದು ಸೈನ್ಯಕ್ಕೆ ಆಗುವಷ್ಟು ಸಾಮಾನಿತ್ತು. ನಮ್ಮ ಚೀಲಕ್ಕೆ ಜಾಗವೇ ಇರಲಿಲ್ಲ. ಅವರು ಕಣ್ಣೊರೆಸಿಕೊಂಡು, ಮೊದಲಿಗಿಂತ ಇನ್ನೂ ಕೆಳಗೆ ತಲೆ ಬಾಗಿಸಿ, ಮೊದಲಿಗಿಂತ ಇನ್ನೂ ಕಡಿಮೆ ಕಷಾಯ ಹೊಯ್ದರು. ಈ ಸಲ ಬಟ್ಟಲಿನ ತಳದ ಹೂವು ಕಾಣುತ್ತಿತ್ತು.

“ಸಾಮಾನು ಐತಿ. ಪ್ರೀತಿನೂ ಐತಿ. ಕಷಾಯ ಎಲ್ಲಿ ಹೋತಲೇ?” ಎಂದ ಸ್ಯಾಮ್ಯುಯೆಲ್. ಆ ದಿನ ಇಬ್ಬರೂ ಕಟ್ಟಡದ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ತಲೆ ಕೆರೆದುಕೊಂಡೆವು. ಅಲ್ಲಿನ ಕಾವಲುಗಾರ ಬಂದು “ಯಲ್ಲಾ, ಯಲ್ಲಾ” ಎಂದು ಎಬ್ಬಿಸಿ ಕಳಿಸಿದ.

ಮೂರನೆಯ ವಾರ ನಾನು ಧೈರ್ಯ ಮಾಡಿದೆ. ಸಂಕೋಚ ಬಿಟ್ಟು ಕೇಳಿದರೆ ಮನೆಯವರೇ ಆಗುತ್ತೇವೆ ಎಂಬುದು ನನ್ನ ಸಿದ್ಧಾಂತ. ಬಟ್ಟಲಿನ ಅಂಚಿಗೆ ಬೆರಳು ತಾಗಿಸಿ, ರಷ್ಯನ್‌ನಲ್ಲೇ “ಆಂಟಿ, ಪೂರ್ತಿ. ಇಲ್ಲಿಯವರೆಗೆ!” ಎಂದೆ.

ಆಂಟಿಯ ನಗು ಆರಿಹೋಯಿತು. “ಪೂರ್ತಿಯಾ?”

“ಪೂರ್ತಿ!”

ಅವರು ನಿಧಾನವಾಗಿ ಅಂಚಿನವರೆಗೆ ತುಂಬಿಸಿದರು. ಆಮೇಲೆ ಬಾಗಿಲಿಗೆ ಹೋಗಿ ನಮ್ಮ ಬೂಟುಗಳನ್ನು ಜೋಡಿಸಿ ಇಟ್ಟು ಬಂದರು.

“ಎಷ್ಟು ಮರ್ಯಾದೆ ನೋಡು!” ಎಂದೆ ನಾನು.

ಈಗ ನಮ್ಮ ಸರದಿ. ಕರಾವಳಿಯವರ ಸತ್ಕಾರ ಅಂದರೆ ಏನೆಂದು ತೋರಿಸಲು ಆಂಟಿಯನ್ನು ನಮ್ಮ ಫ್ಲಾಟಿಗೆ ಕರೆದೆವು. ಲೇನಾಳೇ ಕಾರಿನಲ್ಲಿ ತಂದು ಬಿಟ್ಟು, “ಆರು ತಿಂಗಳಲ್ಲಿ ಮೊದಲ ಸಲ ಲಿಪ್‌ಸ್ಟಿಕ್ ಹಚ್ಚಿದ್ದಾಳೆ ಅಮ್ಮ” ಎಂದು ಹೇಳಿ ಡ್ಯೂಟಿಗೆ ಹೋದಳು. ನಾನು ನೀರ್‌ದೋಸೆ ಹೊಯ್ದಿದ್ದೆ. ಹಾಲು, ಬೆಲ್ಲ, ಜೀರಿಗೆ, ಕೊತ್ತಂಬರಿ ಹಾಕಿ ಕಷಾಯ ಕುದಿಸಿದ್ದೆ. ನಮ್ಮಲ್ಲಿದ್ದ ಅತಿ ದೊಡ್ಡ ಬಟ್ಟಲು ತೆಗೆದು ಆಂಟಿಯ ಮುಂದೆ ಇಟ್ಟೆ. ಅವರು ಕುರ್ಚಿಯಲ್ಲಿ ಸರಿಯಾಗಿ ಕೂತು, ಬ್ಯಾಗು ಪಕ್ಕಕ್ಕಿಟ್ಟು, ಮಾತಾಡಲು ಅಣಿಯಾಗಿದ್ದರು. ನಾನು ಹೊಯ್ದೆ. ಕಂಠದವರೆಗೆ ಹೊಯ್ದೆ. ಅದಕ್ಕೂ ಮೇಲೆ ಹೊಯ್ದೆ. ತುಳುಕಿ ತಟ್ಟೆಗೆ ಬಿತ್ತು, ತಟ್ಟೆಯಿಂದ ಮೇಜಿಗೆ ಬಿತ್ತು. ಪ್ರೀತಿ ಅಂದರೆ ಹೀಗೆ!

ಆಂಟಿ ಬಟ್ಟಲನ್ನೇ ನೋಡಿದರು. ಒಂದು ಗುಟುಕು ಕುಡಿದರು. ಬ್ಯಾಗು ಎತ್ತಿಕೊಂಡು “ಕ್ಷಮಿಸಿ ಮಕ್ಕಳೇ” ಎಂದು ಎದ್ದೇಬಿಟ್ಟರು. ನಾನು ದೋಸೆಯ ಸಟ್ಟುಗ ಹಿಡಿದುಕೊಂಡೇ ಮೆಟ್ಟಿಲವರೆಗೆ ಓಡಿದೆ. ಅಷ್ಟರಲ್ಲಿ ಅವರು ಟ್ಯಾಕ್ಸಿ ಹತ್ತಿಯಾಗಿತ್ತು.

“ಬೆಲ್ಲ ಜಾಸ್ತಿ ಆತೇನಲೇ?” ಎಂದ ಸ್ಯಾಮ್ಯುಯೆಲ್. ನಾನು ರುಚಿ ನೋಡಿದೆ. ಬೆಲ್ಲ ಸರಿಯಾಗಿಯೇ ಇತ್ತು.

ಮರುದಿನ ಮಧ್ಯಾಹ್ನ ಆಫೀಸಿಗೆ ಲೇನಾಳ ಫೋನು ಬಂತು. ಅವಳು ಅಳುತ್ತಿದ್ದಳು. “ಏನು ಮಾಡಿದಿರಿ ನೀವು? ಅಮ್ಮ ಸೂಟ್‌ಕೇಸ್ ತುಂಬುತ್ತಿದ್ದಾಳೆ. ಆ ಹುಡುಗರೂ ನನ್ನನ್ನು ಎದ್ದು ಹೋಗು ಅಂದರು, ಖಲಾಸ್, ಇನ್ನು ಇಲ್ಲಿ ಇರುವುದಿಲ್ಲ ಅನ್ನುತ್ತಾಳೆ.”

“ದೇವರಾಣೆ ಹಾಗೆ ಹೇಳಲಿಲ್ಲ ಮಾರಾಯ್ತಿ!” ಗಾಬರಿಯಲ್ಲಿ ಕನ್ನಡವೇ ಬಂತು. ಮತ್ತೆ ಇಂಗ್ಲಿಷಿನಲ್ಲಿ ಹೇಳಿದೆ.

“ಬಟ್ಟಲು ತುಂಬಿಸಿದಿರಾ?”

“ಹೌದು. ತುಳುಕುವಷ್ಟು.”

ಆಗ ಲೇನಾ ಬಿಡಿಸಿ ಹೇಳಿದಳು. ಅವರ ತಾಷ್ಕೆಂಟಿನಲ್ಲಿ ಬೇಕಾದ ಅತಿಥಿಗೆ ಸ್ವಲ್ಪವೇ ಹೊಯ್ಯುವುದು. ಆರದ ಹಾಗೆ ಬಿಸಿಬಿಸಿ ಕುಡಿಯಲಿ, ಮತ್ತೆ ಕೇಳಲಿ, ಮತ್ತೆ ಹೊಯ್ಯೋಣ, ಹಾಗೆ ಮಾತು ನಡೆಯುತ್ತಲೇ ಇರಲಿ ಎಂದು. ಎಷ್ಟು ಕಡಿಮೆಯೋ ಅಷ್ಟು ಗೌರವ. ತುಂಬಿಸಿ ಕೊಟ್ಟರೆ “ಇದನ್ನು ಕುಡಿದು ಹೊರಡಿ” ಎಂದು ಅರ್ಥ.

ನನ್ನ ಕೈಯಿಂದ ಫೈಲು ಬಿತ್ತು. ಅಂದರೆ ಆಂಟಿ “ಇರಿ, ಇರಿ” ಎಂದಾಗ ನಾವು ಎದ್ದು ಓಡಿದ್ದೆವು. ಅವರು ಇನ್ನೂ ಬೇಡಿಕೊಂಡಾಗ ನಾನು “ನಮಗೆ ಹೋಗಲಿಕ್ಕುಂಟು” ಎಂದು ಬೆರಳಿಟ್ಟು ತೋರಿಸಿದ್ದೆ. ಕೊನೆಗೆ ಮನೆಗೆ ಕರೆದು, ದೋಸೆ ತೋರಿಸಿ, ಆರು ತಿಂಗಳ ಮೇಲೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದ ಹೆಂಗಸನ್ನು ತಟ್ಟೆ, ಮೇಜು ಎಲ್ಲ ತೋಯುವಷ್ಟು ಜೋರಾಗಿ ಹೊರಗಟ್ಟಿದ್ದೆ! ನನಗೆ ನಿಜವಾಗಿಯೂ ಅಳು ಬಂತು. ಸೇವೆಗೆ ಹೋದವನು ಮಾಡಿದ ಸೇವೆ ಇದು.

ಆಫೀಸು ಬಿಟ್ಟವನೇ ಸ್ಯಾಮ್ಯುಯೆಲ್‌ನನ್ನು ಕರೆದುಕೊಂಡು ಸಲ್ವಾಕ್ಕೆ ಓಡಿದೆ. ಆಂಟಿ ಬಾಗಿಲು ತೆರೆದರು, ಆದರೆ ಒಳಗೆ ಬನ್ನಿ ಎನ್ನಲಿಲ್ಲ. ನಡುಮನೆಯಲ್ಲಿ ಸೂಟ್‌ಕೇಸ್ ಬಾಯಿ ತೆರೆದು ಕೂತಿತ್ತು. ನನ್ನ ರಷ್ಯನ್ ಪೂರ್ತಿ ಮರೆತುಹೋಗಿತ್ತು, ಬೆಕ್ಕು ಕೂಡ ಉಳಿದಿರಲಿಲ್ಲ. ಸುಮ್ಮನೆ ಎದೆಯ ಮೇಲೆ ಕೈಯಿಟ್ಟು, ಕೆಟಲು ಬೇಕೆಂದು ಸನ್ನೆ ಮಾಡಿದೆ. ಆಂಟಿ ನನ್ನ ಮುಖ ನೋಡಿದರು. ಆಮೇಲೆ ಒಲೆ ಹಚ್ಚಿ ಬಂದು, ಸೂಟ್‌ಕೇಸಿಗೆ ಕೈಹಾಕಿ, ಉಣ್ಣೆಯ ಸ್ವೆಟರಿನಲ್ಲಿ ಸುತ್ತಿಟ್ಟಿದ್ದ ಮೂರು ನೀಲಿ ಬಟ್ಟಲುಗಳನ್ನು ಹೊರತೆಗೆದರು.

ಕೆಟಲು ನಾನೇ ಹಿಡಿದೆ. ಈ ಸಲ ಒಂದು ಹನಿಯೂ ಹೆಚ್ಚು ಬೀಳಬಾರದು! ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು, ಆಂಟಿಯ ಬಟ್ಟಲಿಗೆ ಹೊಯ್ದೆ. ಸರಿಯಾಗಿ ಅರ್ಧ ಚಮಚ.

ಆಂಟಿ ಬಟ್ಟಲು ಓರೆ ಮಾಡಿ ಒಳಗೆ ಇಣುಕಿದರು. ನನ್ನನ್ನು ನೋಡಿದರು. “ಮಗನೇ, ಇಷ್ಟೊಂದು ಗೌರವ ಬೇಡ. ಗಂಟಲು ಒಣಗಿದೆ,” ಎಂದರು. ಇದು ಪೂರ್ತಿ ಅರ್ಥವಾಗಲು ಮೊಬೈಲು ಬೇಕಾಯಿತು. ಅದನ್ನು ಓದಿ ನಾವು ನಕ್ಕೆವು, ಅವರೂ ನಕ್ಕರು, ನಗುತ್ತಲೇ ಅತ್ತರು. ಆ ದಿನ ಒಬ್ಬೊಬ್ಬರು ಹನ್ನೊಂದು ಬಟ್ಟಲು ಕುಡಿದೆವು. ಸ್ಯಾಮ್ಯುಯೆಲ್ ಎರಡು ಸಲ ಬಾತ್‌ರೂಮಿಗೆ ಹೋಗಿ ಬಂದ. ಹೊರಡುವಾಗ ನೋಡಿದರೆ ಉಳಿದ ಬಟ್ಟಲುಗಳೂ ಸ್ವೆಟರಿನಿಂದ ಹೊರಬಂದು ಕಪಾಟು ಸೇರಿದ್ದವು.

ಶುಕ್ರವಾರ ನೀನಾ ಆಂಟಿ ಚರ್ಚಿಗೆ ಬಂದರು, ಲಿಪ್‌ಸ್ಟಿಕ್ ಹಚ್ಚಿಕೊಂಡು, ಕೆಟಲು ಹಿಡಿದುಕೊಂಡು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ತಾವೇ ಮೂರು ಮೂರು ಗುಟುಕು ಹೊಯ್ದು ಕೊಟ್ಟರು. ಲೇನಾ ದೂರದಲ್ಲಿ ನಿಂತು ಕಣ್ಣೊರೆಸುತ್ತಿದ್ದಳು. ಬ್ರದರ್ ಥಾಮಸ್ ನನ್ನ ಬೆನ್ನು ತಟ್ಟಿ “ರಷ್ಯನ್ ಗೊತ್ತಿದ್ದದ್ದು ಎಷ್ಟು ಉಪಯೋಗವಾಯಿತು ನೋಡು!” ಎಂದರು.

ಆಗ ನನ್ನೊಳಗಿನ ಹಿರಿಯರು ಎದ್ದು ನಿಂತರು. ಇಂಥ ಸಂದರ್ಭದಲ್ಲಿ ಎರಡು ಮಾತು ಆಡದಿದ್ದರೆ ಹೇಗೆ? ನಾನು ರಷ್ಯನ್‌ನಲ್ಲಿ ಭಾಷಣ ಶುರುಮಾಡಿದೆ. ಹುಡುಗನ ಸೇಬಿನಿಂದ ಹೊರಟು, ಬೆಕ್ಕಿನ ಮೂಲಕ, ಮಾನವರೆಲ್ಲ ಒಂದೇ ಎಂಬ ವಿಷಯಕ್ಕೆ ಬರುವುದು ನನ್ನ ಉದ್ದೇಶ. ಹತ್ತು ನಿಮಿಷವಾದರೂ ನಾನು ಬೆಕ್ಕನ್ನು ದಾಟಿರಲಿಲ್ಲ.

ಆಂಟಿ ಕೆಟಲು ಹಿಡಿದು ನನ್ನ ಹತ್ತಿರ ಬಂದರು. ನಾನು ಭಾಷಣ ನಿಲ್ಲಿಸದೆ ಬಟ್ಟಲು ಚಾಚಿದೆ. ಅವರು ಕಣ್ಣಲ್ಲೇ ನಗುತ್ತ ಹೊಯ್ದರು. ಅರ್ಧ ದಾಟಿತು. ಮುಕ್ಕಾಲು ದಾಟಿತು. ಅಂಚಿಗೆ ಬಂತು. ತುಳುಕಿ ನನ್ನ ಟೈ ಮೇಲೆ ಬಿತ್ತು.

“ಬಟ್ಲ ತುಂಬೇತಲೇ,” ಎಂದ ಸ್ಯಾಮ್ಯುಯೆಲ್. “ಕುಡದು ನಡಿ.”

ಕುಡಿದು, ಬೂಟು ಹಾಕಿಕೊಂಡು ಹೊರಟೆ.