ಅವಸರವಿಲ್ಲದ ಆಂಬ್ಯುಲೆನ್ಸು

ನನ್ನ ಸೋದರಮಾವನ ಕೈಗೆ ಸಿಕ್ಕ ರೋಗಿ ದಾರಿಯಲ್ಲಿ ಸಾಯುವುದಿಲ್ಲ. ಸಾಯುವುದಕ್ಕೆ ಅವನು ತುಂಬುವ ಫಾರ್ಮಿನಲ್ಲಿ ಅವಕಾಶವೇ ಇಲ್ಲ!

ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಅವನಿಗೆ ಕೆಲಸ. ತುರ್ತಿಲ್ಲದ ರೋಗಿಗಳನ್ನು ಇನ್ನೊಂದು ಆಸ್ಪತ್ರೆಗೋ ಆರೈಕೆ ಕೇಂದ್ರಕ್ಕೋ ಆಂಬ್ಯುಲೆನ್ಸಿನಲ್ಲಿ ಮುಟ್ಟಿಸಿ ಬರಬೇಕು. ಅದಕ್ಕೊಂದು ನಿಯಮಾವಳಿ ಇದೆ. ಉಳಿದವರು ಅದನ್ನು ಗೋಡೆಗೆ ಅಂಟಿಸಿ ಮರೆತರು. ಮಾವ ಬಾಯಿಪಾಠ ಮಾಡಿದ.

ಒಮ್ಮೆ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಕಾರ್ಮಿಕನೊಬ್ಬ ಮುರಿದ ಕೈಗೆ ಪಟ್ಟಿ ಹಾಕಿಸಿಕೊಂಡು, ತಾನೇ ನಡೆದು ಬಂದು ಗಾಡಿ ಹತ್ತಿದ. ಮಾವ ಇಳಿಸಿದ.

"ಡಾಕ್ಟರು ಸ್ಟ್ರೆಚರ್ ಅಂತ ಬರದಾರ. ಮಲಕೊಂಡ ಹತ್ತಬೇಕ್ರಿ."

"ಮುರದಿದ್ದು ಕೈ ರೀ, ಕಾಲಲ್ಲ!"

"ಅದನ್ನ ಡಾಕ್ಟರಿಗೆ ಹೇಳ್ರಿ."

ಸ್ಟ್ರೆಚರ್ ತಳ್ಳುವವನು ಊಟಕ್ಕೆ ಹೋಗಿದ್ದ. ಪಾಪ, ರೋಗಿಯೇ ಒಂದು ಕೈಯಲ್ಲಿ ಅದನ್ನು ಗಾಡಿಯವರೆಗೆ ತಳ್ಳಿಕೊಂಡು ಬಂದು, ಮೇಲೆ ಮಲಗಿದ!

ಇನ್ನೊಮ್ಮೆ ಖಾನಾಪುರ ರಸ್ತೆಯಲ್ಲಿ ಎಮ್ಮೆಗಳು ಅಡ್ಡ ನಿಂತವು. ಚಾಲಕ ಸೈರನ್ನಿಗೆ ಕೈ ಹಾಕಿದ. ಮಾವ ಆ ಕೈ ಹಿಡಿದ. "ಪೇಶಂಟಿಗೂ ಅರ್ಜಂಟಿಲ್ಲ, ಎಮ್ಮಿಗೂ ಅರ್ಜಂಟಿಲ್ಲ. ಕುಂದರು." ಎಮ್ಮೆಗಳು ನಿಯಮ ಓದಿದಂತೆಯೇ ನಿಂತಿದ್ದವು!

ಇಂಥವನ ಕೈಗೆ ಕಳೆದ ವರ್ಷ ನನ್ನ ಅವ್ವ ಸಿಕ್ಕಳು. ಬಿದ್ದು ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಗಿ, ಖಾನಾಪುರದ ಆರೈಕೆ ಕೇಂದ್ರಕ್ಕೆ ಹೊರಟಿದ್ದಳು. ಮಾವ ಸ್ವಂತ ಅಕ್ಕನ ಮುಂದೆ ಪೆನ್ನು ಹಿಡಿದು ನಿಂತ.

"ಪೇಶಂಟಿನ ಹೆಸರು?"

"ನಿನ್ನ ತೊಟ್ಲಾ ತೂಗಿದಾಕಿ ಅಂತ ಬರಕೋ!"

"ಆ ಕಾಲಂ ಇಲ್ಲ."

ಅಲ್ಲಿಗೂ ಮುಗಿಯಲಿಲ್ಲ. ಖಾನಾಪುರದವರು ಹಾಸಿಗೆ ಖಾಲಿಯಿದೆ ಎಂದು ಖಚಿತವಾಗಿ ಹೇಳುವ ತನಕ ಗಾಡಿ ಹೊರಡುವಂತಿಲ್ಲವಂತೆ. ಎರಡು ತಾಸು ಕಾಯಿಸಿದ. ನಾನು ರೇಗಿದೆ. "ಅಲ್ಲೇ ವರಾಂಡದಾಗ ಕಾಯ್ತೀವಿ, ನಡಿ ಮಾವಾ!"

"ನೀ ಕಾಯಿ. ನಮ್ಮಕ್ಕನ್ನ ನಾ ವರಾಂಡದಾಗ ಇಳಸಂಗಿಲ್ಲ."

ಅವನು 'ಪೇಶಂಟು' ಎನ್ನದೆ ಇದ್ದದ್ದು ಆ ಸಿಟ್ಟಿನಲ್ಲಿ ನನಗೆ ಕೇಳಿಸಲೇ ಇಲ್ಲ.

ಕೊನೆಗೂ ಹೊರಟೆವು. ಮಲಪ್ರಭೆಯ ಸೇತುವೆ ಬರುವ ಹೊತ್ತಿಗೆ ಅವ್ವ ಸಣ್ಣ ದನಿಯಲ್ಲಿ ಕೇಳಿದಳು: "ತಮ್ಮಾ, ನಾ ಮತ್ತ ನಡಕೋತ ಮನಿಗೆ ಹೋಗ್ತೀನೇನೋ?"

ಮಾವ ಫಾರ್ಮು ಬಿಡಿಸಿದ. ಒಂದು ಕಡೆ ಬೆರಳಿಟ್ಟು ಓದಿದ: "ಪೇಶಂಟ್ ನಡಕೋತ ಮನಿಗೆ ಹೋಗತಾರ. ಇಲ್ಲೇ ಬರದೈತಿ ನೋಡಕ್ಕಾ."

ಕನ್ನಡಕವಿಲ್ಲದ ಅವ್ವ ನಂಬಿ, ಕಣ್ಣು ಮುಚ್ಚಿಕೊಂಡಳು. ನಾನು ಬಗ್ಗಿ ನೋಡಿದೆ. ಆ ಬೆರಳಿನ ಕೆಳಗೆ ಏನೂ ಬರೆದಿರಲಿಲ್ಲ.